ಡ್ರಮ್ ಸವೆದ ಚೈನ್‌ಸಾ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಎಂಜಿನ್ ಚೆನ್ನಾಗಿಯೇ ರೇಸ್ ಆಗುತ್ತದೆ. ಆದರೆ ಬಾರನ್ನು ಮರಕ್ಕೆ ಒತ್ತಿದ ಕೂಡಲೇ ಚೈನ್ ನಿಂತುಬಿಡುತ್ತದೆ, ಪಕ್ಕದ ಕವರ್‌ನಿಂದ ಸುಟ್ಟ ವಾಸನೆ ಬರುತ್ತದೆ. ಕ್ಲಚ್ ಡ್ರಮ್ ಹೋಗಿದೆ ಅನ್ನುತ್ತಾರೆ. ಹೌದೋ ಅಲ್ಲವೋ ಖಚಿತ ಮಾಡಿಕೊಳ್ಳುವುದು ಹೇಗೆ?

ಉತ್ತರ: ಡ್ರಮ್ ಮೇಲೆ ಆರೋಪ ಹೊರಿಸುವ ಮೊದಲು ಮೂರು ಸುಲಭದ ಕಾರಣಗಳನ್ನು ನೋಡಿ. ಎಂಜಿನ್ ಆರಿಸಿ, ಅದು ತಣ್ಣಗಾದ ಮೇಲೆ ಚೈನ್ ಬ್ರೇಕ್ ಬಿಡಿಸಿ, ದಪ್ಪ ಕೈಗವಸು ಹಾಕಿಕೊಂಡು ಚೈನನ್ನು ಬಾರ್ ಮೇಲೆ ಎಳೆಯಿರಿ. ಸರಾಗವಾಗಿ ಬರಬೇಕು. ಬಿಗಿಯಾಗಿದ್ದರೆ ಚೈನ್ ಅತಿಯಾಗಿ ಬಿಗಿದಿದೆ, ಇಲ್ಲವೇ ಬಾರ್‌ನ ಮೂತಿಯಲ್ಲಿರುವ ಚಕ್ರ ಜಾಮ್ ಆಗಿದೆ, ಅಥವಾ ಡ್ರಮ್ಮನ್ನು ಸುತ್ತಿ ಹಿಡಿಯುವ ಬ್ರೇಕ್ ಬ್ಯಾಂಡ್ ಪೂರ್ತಿ ಬಿಟ್ಟಿಲ್ಲ. ಈ ಮೂರಕ್ಕೂ ಡ್ರಮ್ ಬದಲಿಸುವುದು ಮದ್ದಲ್ಲ.

ಚೈನ್ ಸರಾಗವಾಗಿ ಬಂದರೂ ಮರದಲ್ಲಿ ನಿಲ್ಲುತ್ತಿದೆ ಎಂದಾದರೆ ಕ್ಲಚ್ ಜಾರುತ್ತಿದೆ ಎಂದೇ ಅರ್ಥ. ಈ ಕ್ಲಚ್ ಕೆಲಸ ಮಾಡುವುದು ಬಹಳ ಸರಳವಾಗಿ. ಕ್ರ್ಯಾಂಕ್ ದಂಡದ ತುದಿಗೆ ಎರಡು ಅಥವಾ ಮೂರು ಶೂಗಳಿರುವ (ಡ್ರಮ್ಮನ್ನು ಒಳಗಿನಿಂದ ಒತ್ತಿ ಹಿಡಿಯುವ ತುಂಡುಗಳು) ಹಬ್, ಅಂದರೆ ನಡುವಿನ ಗುಂಬ, ತಿರುಪಿನಿಂದ ಕೂತಿರುತ್ತದೆ. ಶೂಗಳನ್ನು ಸ್ಪ್ರಿಂಗ್ ಒಳಕ್ಕೆ ಎಳೆದು ಹಿಡಿದಿರುತ್ತದೆ. ಐಡ್ಲಿಂಗ್‌ನಲ್ಲಿ, ಅಂದರೆ ನಿಮಿಷಕ್ಕೆ ಸುಮಾರು 2,800 ಸುತ್ತಿನಲ್ಲಿ, ಶೂ ಡ್ರಮ್ಮನ್ನು ಮುಟ್ಟುವುದಿಲ್ಲ. ವೇಗ 3,500–4,000 ದಾಟುವಾಗ ಶೂಗಳು ಹೊರಕ್ಕೆ ಸಿಡಿದು ಡ್ರಮ್ಮಿನ ಒಳಗೋಡೆಯನ್ನು ಹಿಡಿಯುತ್ತವೆ. ಡ್ರಮ್ಮಿಗೆ ಅಂಟಿಕೊಂಡೇ ಇರುವ ಸ್ಪ್ರಾಕೆಟ್, ಅಂದರೆ ಹಲ್ಲಿನ ಚಕ್ರ, ಚೈನನ್ನು ಎಳೆಯುತ್ತದೆ. ಹಾಗಾಗಿ ಡ್ರಮ್ ಸವೆಯುವುದು ಎರಡು ಕಡೆ: ಒಳಗೋಡೆ ಮತ್ತು ಸ್ಪ್ರಾಕೆಟ್ ಹಲ್ಲು. ಕೆಲವು ಮಾದರಿಗಳಲ್ಲಿ ಬ್ರೇಕ್ ಬ್ಯಾಂಡ್ ಉಜ್ಜಿ ಹೊರಮೈಯೂ ಸವೆಯುತ್ತದೆ.

ಕವರ್ ತೆಗೆದು ಮೊದಲು ಹಲ್ಲು ನೋಡಿ. ಚೈನ್‌ನ ಕೊಂಡಿಗಳು ಕೂರುವ ಜಾಗದಲ್ಲಿ ಗೆರೆ ಗೆರೆಯಾಗಿ ತಗ್ಗು ಬಿದ್ದಿರುತ್ತದೆ. ಆ ತಗ್ಗು 0.5 ಮಿ.ಮೀ. ಮುಟ್ಟಿದರೆ ಸ್ಪ್ರಾಕೆಟ್‌ನ ಕಾಲ ಮುಗಿಯಿತು. ಉಗುರಿಟ್ಟು ಎಳೆದರೆ ಉಗುರು ಗಕ್ಕನೆ ಸಿಕ್ಕಿಕೊಳ್ಳುವಷ್ಟು ಆಳ ಅದು, ಅಳತೆಗೋಲು ಹಿಡಿಯುವ ಅಗತ್ಯ ಬಾರದು. ಡ್ರಮ್ ಬಿಚ್ಚಿದ ಮೇಲೆ ಒಳಗೋಡೆಯನ್ನು ವರ್ನಿಯರ್‌ನಿಂದ ಅಳೆಯಿರಿ. ಶೂ ಮುಟ್ಟದ ಅಂಚಿನಲ್ಲಿ ಸವೆಯದ ಒಂದು ದಡ ಉಳಿದಿರುತ್ತದೆ. ಅಲ್ಲಿನ ದಪ್ಪ ಮೂಲ ಅಳತೆ. ಶೂ ಉಜ್ಜುವ ಜಾಗದ ದಪ್ಪ ಅದರ ಶೇ. 80ಕ್ಕಿಂತ ಕಡಿಮೆಯಾಗಿದ್ದರೆ ಡ್ರಮ್ ಬದಲಿಸಲೇಬೇಕು. ಅಂಚಿನಲ್ಲಿ 2 ಮಿ.ಮೀ. ಇದ್ದು ಒಳಗೆ 1.6ಕ್ಕಿಂತ ಕೆಳಗೆ ಬಂದಿದ್ದರೆ ಇನ್ನೊಂದು ದಿನ ಓಡಿಸೋಣ ಎನ್ನುವ ಮಾತೇ ಬೇಡ. ತೆಳುವಾದ ಡ್ರಮ್ ಆ ವೇಗದಲ್ಲಿ ಬಿರುಕು ಬಿಟ್ಟರೆ ಅಪಾಯ. ಒಳಗೋಡೆ ನೀಲಿ ಬಣ್ಣಕ್ಕೆ ತಿರುಗಿದ್ದರೆ ಉಕ್ಕು ಸುಮಾರು 300 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾದಿದೆ. ಸುಟ್ಟ ವಾಸನೆಯ ಮೂಲ ಅದೇ.

ಪ್ರಶ್ನೆ: ಡ್ರಮ್ ಬದಲಿಸುವ ಕೆಲಸವನ್ನು ಮನೆಯಲ್ಲೇ ಮಾಡಬಹುದೆ? ಯಾವ ಸಾಮಾನು ಬೇಕು? ಕ್ರಮವಾಗಿ ತಿಳಿಸಿ.

ಉತ್ತರ: ಮಾಡಬಹುದು. ಆದರೆ ನಿಮ್ಮ ಯಂತ್ರ ಯಾವ ಜಾತಿಯದು ಎಂದು ಮೊದಲು ಗುರುತಿಸಿ, ಯಾಕೆಂದರೆ ಕೆಲಸ ಹತ್ತು ನಿಮಿಷದ್ದೋ ಒಂದು ಗಂಟೆಯದ್ದೋ ಎನ್ನುವುದು ಅದರ ಮೇಲೆ ನಿಂತಿದೆ. ಕವರ್ ತೆಗೆದಾಗ ಸ್ಪ್ರಾಕೆಟ್ ನಿಮ್ಮ ಕಡೆಗೇ ಇದ್ದು, ದಂಡದ ತುದಿಯಲ್ಲಿ ವಾಷರ್ ಮತ್ತು ಇಂಗ್ಲಿಷ್‌ನ ಇ ಅಕ್ಷರದ ಆಕಾರದ ಲಾಕ್ ಕಂಡರೆ ಡ್ರಮ್ ಹೊರಗಡೆ, ಕ್ಲಚ್ ಒಳಗಡೆ. ಸ್ಟಿಲ್ ಕಂಪನಿಯ ಎಂಎಸ್ 170, ಎಂಎಸ್ 180ರಂಥ ಸಣ್ಣ ಗರಗಸಗಳು ಹೀಗಿರುತ್ತವೆ. ಇವುಗಳಲ್ಲಿ ಡ್ರಮ್ ಬದಲಿಸಲು ಕ್ಲಚ್ ಮುಟ್ಟುವುದೇ ಬೇಡ. ಅದರ ಬದಲು ಶೂಗಳೂ ಸ್ಪ್ರಿಂಗ್‌ಗಳೂ ನೇರವಾಗಿ ಕಣ್ಣಿಗೆ ಬಿದ್ದರೆ, ಕ್ಲಚ್ ಹೊರಗೆ, ಡ್ರಮ್ ಅದರ ಹಿಂದೆ. ಹಸ್ಕ್ವಾರ್ನಾದ ಹಲವು ಮಾದರಿಗಳು ಈ ಬಗೆ. ಇಲ್ಲಿ ಕ್ಲಚ್ ಬಿಚ್ಚದೆ ಡ್ರಮ್ ಬರುವುದಿಲ್ಲ. ಅದನ್ನು ಮುಂದಿನ ಪ್ರಶ್ನೆಯಲ್ಲಿ ವಿವರಿಸಿದ್ದೇವೆ.

ಹೊರ ಡ್ರಮ್ಮಿನ ಯಂತ್ರಕ್ಕೆ ಬೇಕಾದ್ದು: ಗರಗಸದ ಜೊತೆ ಬಂದ ಪಾನಾ, ಸಣ್ಣ ಚಪ್ಪಟೆ ಸ್ಕ್ರೂಡ್ರೈವರ್, ಬ್ರಷ್, ಚಿಂದಿ ಬಟ್ಟೆ, ಶಾಖ ತಡೆಯುವ ಬೇರಿಂಗ್ ಗ್ರೀಸ್, ಹೊಸ ಡ್ರಮ್, ಹೊಸ ನೀಡಲ್ ಬೇರಿಂಗ್ (ಸೂಜಿಯಂಥ ಸಣ್ಣ ರೋಲರುಗಳ ಬೇರಿಂಗ್), ಒಂದು ಹೊಸ ಲಾಕ್. ಬೇರಿಂಗ್ ಮತ್ತು ಲಾಕ್ ಉಳಿಸಲು ಹೋಗಬೇಡಿ. ಡ್ರಮ್ಮಿನ ಮುಂದೆ ಅವುಗಳ ಬೆಲೆ ಲೆಕ್ಕಕ್ಕಿಲ್ಲ, ಹಳೆ ಬೇರಿಂಗ್ ಹೊಸ ಡ್ರಮ್ಮನ್ನು ಬೇಗ ಕೆಡಿಸುತ್ತದೆ.

ಎಂಜಿನ್ ತಣ್ಣಗಿರಲಿ. ಸ್ವಿಚ್ ಆಫ್ ಮಾಡಿ ಸ್ಪಾರ್ಕ್ ಪ್ಲಗ್‌ನ ಟೋಪಿ ಕಿತ್ತಿಡಿ. ಬ್ರೇಕಿನ ಹಿಡಿಯನ್ನು ನಿಮ್ಮ ಕಡೆಗೆ, ಅಂದರೆ ಮುಂಗೈಹಿಡಿಯತ್ತ ಎಳೆದು ಬ್ರೇಕ್ ಬಿಡಿಸಿ. ಈ ಹೆಜ್ಜೆ ಮರೆತವರು ಬಹಳ: ಬ್ಯಾಂಡ್ ಡ್ರಮ್ಮನ್ನು ಬಿಗಿಯಾಗಿ ತಬ್ಬಿಕೊಂಡಿರುವಾಗ ಅದನ್ನು ಎಳೆದು, ತುಕ್ಕು ಹಿಡಿದಿದೆ ಎಂದುಕೊಂಡು ಸುತ್ತಿಗೆ ಎತ್ತುತ್ತಾರೆ. ಕವರ್‌ನ ನಟ್ ಬಿಚ್ಚಿ, ಚೈನ್ ಟೆನ್ಷನ್ ಸಡಿಲಿಸಿ, ಕವರ್, ಬಾರ್, ಚೈನ್ ತೆಗೆಯಿರಿ. ಎಣ್ಣೆಯಲ್ಲಿ ನೆಂದ ಹೊಟ್ಟು ಡ್ರಮ್ಮಿನ ಸುತ್ತ ಗಟ್ಟಿಯಾಗಿ ಮೆತ್ತಿಕೊಂಡಿರುತ್ತದೆ. ಅದನ್ನೆಲ್ಲ ಈಗಲೇ ಕೆರೆದು ತೆಗೆಯಿರಿ. ಡ್ರಮ್ ಬಿಚ್ಚಿದ ಮೇಲೆ ತೆಗೆದರೆ ಆಯಿಲ್ ಪಂಪಿನೊಳಗೆ ಉದುರುತ್ತದೆ.

ಲಾಕ್ ತೆಗೆಯುವಾಗ ಅದರ ಮೇಲೆ ಬಟ್ಟೆ ಅಡ್ಡ ಹಿಡಿದು, ಬಾಯಿ ಇರುವ ಕಡೆಯ ಎದುರುಗಡೆಯಿಂದ ಸ್ಕ್ರೂಡ್ರೈವರ್ ತುದಿ ಕೊಟ್ಟು ಹೊರಳಿಸಿ. ಬಟ್ಟೆ ಇಲ್ಲದಿದ್ದರೆ ಅದು ಟಣ್ಣನೆ ಹಾರಿ ಎಲ್ಲೋ ಮಾಯವಾಗುತ್ತದೆ, ಕಣ್ಣಿಗೂ ಬಡಿಯಬಹುದು. ವಾಷರ್ ಯಾವ ಮುಖ ಹೊರಗಿತ್ತು ಎಂದು ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಡಿ. ಆಮೇಲೆ ಡ್ರಮ್ಮನ್ನು ಎಡಬಲ ಸ್ವಲ್ಪ ತಿರುಗಿಸುತ್ತ ನೇರವಾಗಿ ಎಳೆದರೆ ಬರುತ್ತದೆ. ಬೇರಿಂಗ್ ಡ್ರಮ್ಮಿನೊಳಗೆ ಬರಬಹುದು, ದಂಡದ ಮೇಲೂ ಉಳಿಯಬಹುದು.

ಈಗ ದಂಡವನ್ನು ಚೆನ್ನಾಗಿ ಒರೆಸಿ ಬೆರಳಾಡಿಸಿ ನೋಡಿ. ನೀಡಲ್ ಬೇರಿಂಗ್ ಉರುಳುವುದು ನೇರ ಈ ದಂಡದ ಮೇಲೆ, ಮಧ್ಯೆ ಬೇರೆ ಬುಶ್ ಇಲ್ಲ. ಬಣ್ಣ ಮಾತ್ರ ಕಂದಿದ್ದರೆ ತೊಂದರೆ ಇಲ್ಲ. ಸಣ್ಣ ಗೀರುಗಳಿದ್ದರೆ 600ರ ಎಮರಿ ಕಾಗದದ ಪಟ್ಟಿಯನ್ನು ದಂಡಕ್ಕೆ ಸುತ್ತಿ ಹಗುರವಾಗಿ ಉಜ್ಜಿ, ಪುಡಿ ಹಿಂದಿನ ಆಯಿಲ್ ಸೀಲ್‌ಗೆ ಹೋಗದಂತೆ ಬಟ್ಟೆ ಅಡ್ಡ ತುರುಕಿರಿ. ಉಗುರು ಸಿಕ್ಕುವ ಕಾಲುವೆ ಬಿದ್ದಿದ್ದರೆ ಮಾತ್ರ ಅದು ಕ್ರ್ಯಾಂಕ್ ಬದಲಿಸುವ ಕೆಲಸ, ಮನೆಯದಲ್ಲ.

ಡ್ರಮ್ ಹೊರಗಿರುವಾಗಲೇ ಬ್ರೇಕ್ ಬ್ಯಾಂಡನ್ನೂ ನೋಡಿಬಿಡಿ. ಅತಿ ಸವೆದ ಜಾಗದಲ್ಲೂ ಅದು 0.6 ಮಿ.ಮೀ. ದಪ್ಪ ಇರಬೇಕು ಎಂದು ಹಸ್ಕ್ವಾರ್ನಾ ತನ್ನ ಕೈಪಿಡಿಯಲ್ಲಿ ಹೇಳುತ್ತದೆ. ಬೇರೆ ಕಂಪನಿಯ ಯಂತ್ರಕ್ಕೆ ಅದರದೇ ಕೈಪಿಡಿಯ ಅಳತೆ ಹಿಡಿಯಿರಿ. ಕ್ಲಚ್ ಸ್ಪ್ರಿಂಗ್‌ಗಳ ಕೊಕ್ಕೆಗಳೂ ನೆಟ್ಟಗಿವೆಯೆ, ಸುರುಳಿಗಳ ನಡುವೆ ಸಂದು ಬಿಟ್ಟಿಲ್ಲವೆ ಗಮನಿಸಿ.

ಜೋಡಣೆ. ಬೇರಿಂಗ್‌ಗೆ ಬೆರಳ ತುದಿಗೆ ಹತ್ತುವಷ್ಟು ಗ್ರೀಸ್ ಹಚ್ಚಿ, ರೋಲರುಗಳ ನಡುವೆ ಒತ್ತಿ ತುಂಬಿ, ಹೊರಗೆ ಉಳಿದದ್ದನ್ನು ಒರೆಸಿ ತೆಗೆಯಿರಿ. ಇಲ್ಲಿ ಧಾರಾಳತನ ಕೂಡದು. ಹೆಚ್ಚಾದ ಗ್ರೀಸ್ ಕಾದು ಕರಗಿ ಡ್ರಮ್ಮಿನ ಗೋಡೆಗೆ ಎರಚಿದರೆ ಶೂ ಜಾರುತ್ತದೆ, ನೀವು ಎಲ್ಲಿಂದ ಶುರು ಮಾಡಿದಿರೋ ಅಲ್ಲಿಗೇ ಬಂದು ನಿಲ್ಲುತ್ತೀರಿ. ಹೊಸ ಡ್ರಮ್ಮಿನ ಒಳಗೆ ತುಕ್ಕು ಹಿಡಿಯದಿರಲೆಂದು ಹಚ್ಚಿದ ಎಣ್ಣೆ ಇರುತ್ತದೆ, ಬ್ರೇಕ್ ಕ್ಲೀನರ್‌ನಿಂದ ಅದನ್ನೂ ಒರೆಸಿ. ಬೇರಿಂಗ್, ಡ್ರಮ್ ದಂಡಕ್ಕೆ ಏರಿಸಿ. ಡ್ರಮ್ ಪೂರ್ತಿ ಒಳಗೆ ಕೂತಾಗ ಮಾತ್ರ ಲಾಕ್ ಕೂರುವ ತೋಡು ಇಡಿಯಾಗಿ ಕಾಣುತ್ತದೆ. ಅರ್ಧವೇ ಕಂಡರೆ ಒತ್ತಿ ಲಾಕ್ ಹಾಕುವ ಸಾಹಸ ಬೇಡ. ಆಯಿಲ್ ಪಂಪಿನ ತಂತಿ ಸರಿಯಾಗಿ ಕೂತಿಲ್ಲ ಎಂದು ತಿಳಿಯಿರಿ. ಅದರ ಬಗ್ಗೆ ಕೆಳಗೆ ಬೇರೆ ಉತ್ತರವಿದೆ. ಬಿಡಿ ರಿಮ್ (ಡ್ರಮ್ಮಿನಿಂದ ಬೇರೆಯಾಗಿ ಕಳಚಿ ಬರುವ ಹಲ್ಲಿನ ಚಕ್ರ) ಇರುವ ಡ್ರಮ್ಮಾದರೆ ರಿಮ್‌ನ ಟೊಳ್ಳು ಭಾಗ ಹೊರಮುಖವಾಗಿರಲಿ, ಹೊಟ್ಟು ಹೊರಬೀಳುವುದು ಆ ಕಡೆಯಿಂದ. ವಾಷರ್, ಹೊಸ ಲಾಕ್ ಹಾಕಿ ಲಾಕ್ ತೋಡಿನಲ್ಲಿ ತಿರುಗುತ್ತದೆಯೇ ನೋಡಿ.

ಪರೀಕ್ಷೆ ಎರಡು. ಬ್ರೇಕ್ ಬಿಟ್ಟಿರುವಾಗ ಡ್ರಮ್ ಕೈಯಲ್ಲಿ ಎರಡೂ ಕಡೆಗೆ ಸದ್ದಿಲ್ಲದೆ ತಿರುಗಬೇಕು. ಬ್ರೇಕ್ ಹಾಕಿದಾಗ ಕದಲಬಾರದು. ಬಾರ್, ಚೈನ್, ಕವರ್ ಎಲ್ಲ ಹಾಕಿದ ಮೇಲೆ ಎಂಜಿನ್ ಶುರು ಮಾಡಿ, ಬ್ರೇಕ್ ಹಾಕಿ, ಮೂರು ಸೆಕೆಂಡಿಗಿಂತ ಹೆಚ್ಚಿಲ್ಲದಂತೆ ಪೂರ್ತಿ ರೇಸ್ ಕೊಡಿ. ಚೈನ್ ಓಡಬಾರದು. ಡ್ರಮ್ ಇಲ್ಲದೆ ಎಂಜಿನ್ ಓಡಿಸಿ ನೋಡುವ ಚಪಲ ಕೆಲವರಿಗಿರುತ್ತದೆ. ಶೂಗಳನ್ನು ತಡೆಯುವ ಗೋಡೆಯೇ ಇಲ್ಲದಾಗ ಅವು ಸ್ಪ್ರಿಂಗ್ ಹರಿದುಕೊಂಡು ಎಗರುತ್ತವೆ, ಖಂಡಿತ ಬೇಡ.

ಪ್ರಶ್ನೆ: ನನ್ನ ಗರಗಸದಲ್ಲಿ ಕ್ಲಚ್ ಹೊರಗಿದೆ. ಎಷ್ಟು ಬಲ ಹಾಕಿದರೂ ಬಿಚ್ಚುತ್ತಿಲ್ಲ. ತಿರುಗಿಸಿದಾಗ ಎಂಜಿನ್ನೇ ತಿರುಗುತ್ತದೆ. ಏನು ಮಾಡಲಿ?

ಉತ್ತರ: ನೀವು ಬಿಗಿಗೊಳಿಸುತ್ತಿದ್ದೀರಿ ಎಂಬ ಗುಮಾನಿ ನಮಗೆ. ಚೈನ್‌ಸಾ ಕ್ಲಚ್‌ಗೆ ಬಹುತೇಕ ಉಲ್ಟಾ ಥ್ರೆಡ್ ಇರುತ್ತದೆ. ಬಿಚ್ಚಲು ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ, ಬಿಗಿಯಲು ಅದರ ವಿರುದ್ಧ. ಹಬ್ ಮೇಲೆ ಸಾಮಾನ್ಯವಾಗಿ ಬಿಚ್ಚುವ ದಿಕ್ಕಿನ ಬಾಣದ ಗುರುತೂ ಇರುತ್ತದೆ. ಕ್ಲಚ್ ಕಡೆಯಿಂದ ನೋಡಿದರೆ ಎಂಜಿನ್ ಗಡಿಯಾರದ ದಿಕ್ಕಿಗೇ ಓಡುತ್ತದೆ. ಮರದ ಭಾರ ಬಿದ್ದಾಗ ಹಬ್ ಹಿಂದಕ್ಕೆ ಜಗ್ಗುತ್ತದೆ. ಮಾಮೂಲಿ ಥ್ರೆಡ್ ಹಾಕಿದ್ದರೆ ಕೆಲಸ ಮಾಡುತ್ತಲೇ ಕ್ಲಚ್ ಬಿಚ್ಚಿಕೊಳ್ಳುತ್ತಿತ್ತು. ಉಲ್ಟಾ ಥ್ರೆಡ್ ಆದ್ದರಿಂದ ಓಡಿದಷ್ಟೂ ಬಿಗಿಯುತ್ತದೆ, ಬಿಚ್ಚುವಾಗ ಕಷ್ಟ ಕೊಡುವುದೂ ಅದಕ್ಕೇ.

ಎಂಜಿನ್ ತಿರುಗದಂತೆ ಹಿಡಿಯಲು ಒಂದು ಮೊಳದಷ್ಟು ನೈಲಾನ್ ಹಗ್ಗ ಸಾಕು. ಸ್ಟಾರ್ಟರ್ ಹಗ್ಗದ ತುಂಡೇ ಒಳ್ಳೆಯದು, ನಾರು ಬಿಡುವ ಹಗ್ಗ ಬೇಡ. ಸ್ಪಾರ್ಕ್ ಪ್ಲಗ್ ತೆಗೆಯುವ ಮೊದಲೇ ಸ್ಟಾರ್ಟರನ್ನು ಮೆಲ್ಲಗೆ ಎಳೆಯುತ್ತ ಬನ್ನಿ. ಒಂದು ಹಂತದಲ್ಲಿ ಎಳೆತ ಗಟ್ಟಿಯಾಗುತ್ತದೆ: ಪಿಸ್ಟನ್ ಮೇಲೇರುತ್ತ ಹೊಗೆ ಹೋಗುವ ದ್ವಾರವನ್ನು ಮುಚ್ಚಿದೆ ಎಂದರ್ಥ. ಅಲ್ಲಿಗೆ ನಿಲ್ಲಿಸಿ ಪ್ಲಗ್ ಬಿಚ್ಚಿ. ಹಗ್ಗವನ್ನು ನಡುವೆ ಮಡಚಿ, ಮಡಿಕೆಯ ಕಡೆಯಿಂದ ಪ್ಲಗ್‌ನ ತೂತಿನೊಳಗೆ ತುಂಬಿ. ಎರಡೂ ತುದಿ ಹೊರಗೇ ಇರಲಿ. ದ್ವಾರ ತೆರೆದಿರುವಾಗ ತುಂಬಿದರೆ ಹಗ್ಗ ಅದರೊಳಗೆ ನುಗ್ಗಿ ಪಿಸ್ಟನ್ ಅಂಚಿಗೆ ಸಿಕ್ಕು ಕತ್ತರಿಸಿಹೋಗುತ್ತದೆ, ಪಿಸ್ಟನ್ ರಿಂಗಿಗೂ ಪೆಟ್ಟು. ಈಗ ಹಬ್‌ಗೆ ಸರಿಯಾದ ಸಾಕೆಟ್ ಅಥವಾ ಆ ಮಾದರಿಯ ಕ್ಲಚ್ ಪಾನಾ ಹಾಕಿ ಗಡಿಯಾರದ ದಿಕ್ಕಿಗೆ ತಿರುಗಿಸಿ. ಪಿಸ್ಟನ್ ಏರಿ ಹಗ್ಗವನ್ನು ಮೆತ್ತಗೆ ಒತ್ತಿ ನಿಲ್ಲುತ್ತದೆ, ಆಮೇಲೆ ಹಬ್ ಸಡಿಲವಾಗುತ್ತದೆ.

ಸ್ಕ್ರೂಡ್ರೈವರನ್ನು ಪ್ಲಗ್ ತೂತಿಗೆ ಚುಚ್ಚಿ ಪಿಸ್ಟನ್ ತಡೆಯುವವರಿದ್ದಾರೆ. ಪಿಸ್ಟನ್ ಅಲ್ಯೂಮಿನಿಯಂ, ತೂತು ಬೀಳಲು ಹೆಚ್ಚು ಹೊತ್ತು ಬೇಡ. ಫ್ಲೈವೀಲ್‌ನ ರೆಕ್ಕೆಗೆ ಅಡ್ಡ ಕೊಡುವುದೂ ಅಷ್ಟೇ ಕೆಟ್ಟದ್ದು: ರೆಕ್ಕೆ ಮುರಿದರೆ ತಂಪುಗಾಳಿ ಕಡಿಮೆ, ಚಕ್ರದ ತೂಕ ಹೊಯ್ದಾಡಿ ನಡುಕ ಹೆಚ್ಚು. ಶೂಗಳ ಮೇಲೆ ಉಳಿ ಇಟ್ಟು ಬಡಿದರೆ ಹಬ್ ಕಾಲುಗಳು ಬಾಗುತ್ತವೆ.

ಮರಳಿ ಬಿಗಿಯುವಾಗ ಒಂದು ಸೂಕ್ಷ್ಮ ಇದೆ. ಈಗ ತಿರುಗಿಸುವುದು ವಿರುದ್ಧ ದಿಕ್ಕಿಗೆ. ಹಗ್ಗ ಮೊದಲಿನ ಜಾಗದಲ್ಲೇ ಇದ್ದರೆ ಪಿಸ್ಟನ್ ಕೆಳಕ್ಕೆ ಇಳಿದುಹೋಗುತ್ತದೆ, ತಡೆ ಸಿಗುವುದಿಲ್ಲ. ಹಗ್ಗ ಹೊರತೆಗೆದು, ಪಿಸ್ಟನ್ ತುತ್ತತುದಿ ದಾಟಿ ಆ ಕಡೆಗೆ ಸ್ವಲ್ಪವೇ ಇಳಿಯುವಂತೆ ಸ್ಟಾರ್ಟರ್ ಎಳೆದು, ಆಮೇಲೆ ಹಗ್ಗ ತುಂಬಿ ಬಿಗಿಯಿರಿ. ಹಬ್‌ನಲ್ಲಿ ಬಾಣದ ಗುರುತಿರುವ ಮುಖ ಹೊರಗೇ ಇರಬೇಕು. ತಿರುವುಮುರುವಾದರೆ ಹಬ್ ಡ್ರಮ್ಮಿನ ತಳಕ್ಕೆ ಉಜ್ಜುತ್ತದೆ. ಬಿಗಿಯ ಪ್ರಮಾಣವನ್ನು ನಿಮ್ಮ ಮಾದರಿಯ ಕೈಪಿಡಿಯಿಂದ ತೆಗೆದುಕೊಳ್ಳಿ. ಅಂತೂ ಪೈಪ್ ಸಿಕ್ಕಿಸಿ ಮೈಭಾರ ಹಾಕುವ ಅಗತ್ಯವಿಲ್ಲ, ಓಡುವಾಗ ಅದು ತಾನೇ ಬಿಗಿಯುತ್ತದೆ.

ಪ್ರಶ್ನೆ: ಹೊಸ ಡ್ರಮ್ ಹಾಕಿದ ಮೇಲೆ ಚೈನ್‌ಗೆ ಎಣ್ಣೆಯೇ ಬರುತ್ತಿಲ್ಲ. ಟ್ಯಾಂಕ್ ತುಂಬ ಎಣ್ಣೆ ಇದೆ. ಪಂಪ್ ಹಾಳಾಯಿತೆ?

ಉತ್ತರ: ಹೆಚ್ಚಾಗಿ ಪಂಪ್ ಸರಿಯಾಗೇ ಇದೆ, ಅದನ್ನು ತಿರುಗಿಸುವವರಿಲ್ಲ. ಅನೇಕ ಗರಗಸಗಳಲ್ಲಿ ಪಂಪಿನ ವರ್ಮ್ ಗೇರನ್ನು (ತಿರುಪಿನಂಥ ಹಲ್ಲಿನ ಗೇರು) ಓಡಿಸುವುದು ಡ್ರಮ್. ಡ್ರಮ್ಮಿನ ಹಿಂಬದಿಯ ಅಂಚಿನಲ್ಲಿ ಒಂದು ಸಣ್ಣ ಕಚ್ಚು ಇರುತ್ತದೆ. ವರ್ಮ್‌ನಿಂದ ಹೊರಟ ತಂತಿಯ ತುದಿ ಅದರೊಳಗೆ ಕೂರಬೇಕು. ಬೇರೆ ಮಾದರಿಗಳಲ್ಲಿ ತಂತಿಯ ಬದಲು ವರ್ಮ್‌ನ ಎರಡು ಕಿವಿಗಳು ಡ್ರಮ್ಮಿನ ಕಚ್ಚುಗಳಿಗೆ ಹೊಂದುತ್ತವೆ. ತಂತಿ ಕಚ್ಚಿಗೆ ಬೀಳದೆ ಅಂಚಿನ ಕೆಳಗೆ ಸಿಕ್ಕಿದಾಗ ಒತ್ತಿ ಲಾಕ್ ಹಾಕಿದ್ದರೆ ತಂತಿ ಬಾಗಿರುತ್ತದೆ.

ಡ್ರಮ್ ಮತ್ತೆ ತೆಗೆಯಿರಿ. ತಂತಿ ನೆಟ್ಟಗಿದ್ದರೆ ಕಚ್ಚು ಎಲ್ಲಿದೆ ಎಂದು ಡ್ರಮ್ಮಿನ ಹೊರಮೈ ಮೇಲೆ ಪೆನ್ನಿನಿಂದ ಗುರುತು ಹಾಕಿ, ತಂತಿಯ ತುದಿಗೆ ಆ ಗುರುತು ಎದುರಾಗುವಂತೆ ಹಿಡಿದು ಏರಿಸಿ. ಮೆಲ್ಲಗೆ ಒತ್ತುತ್ತ ಎಡಬಲ ಆಡಿಸಿದರೆ ಡ್ರಮ್ ಕೊನೆಯ ಒಂದೆರಡು ಮಿ.ಮೀ. ಚಕ್ಕನೆ ಒಳಗಿಳಿಯುವುದು ಕೈಗೆ ಗೊತ್ತಾಗುತ್ತದೆ. ಬಾಗಿದ ತಂತಿಯನ್ನು ಇಕ್ಕಳದಿಂದ ನೇರ ಮಾಡಿ ಹಾಕುವುದು ಎರಡು ದಿನದ ಮಾತು, ಹೊಸದು ಹಾಕಿ.

ಎಲ್ಲ ಸರಿಯಿದ್ದೂ ಎಣ್ಣೆ ಬರದಿದ್ದರೆ ಬಾರ್‌ನ ಎಣ್ಣೆ ತೂತು ಮತ್ತು ತೋಡಿನಲ್ಲಿ ಹೊಟ್ಟು ಕಟ್ಟಿದೆ. ಕೊನೆಗೆ ನೋಡುವ ವಿಧಾನ: ಬಾರ್ ಮೂತಿಯನ್ನು ಬಿಳಿಯ ರಟ್ಟಿನಿಂದ ಸುಮಾರು 20 ಸೆಂ.ಮೀ. ದೂರ ಹಿಡಿದು, ಮುಕ್ಕಾಲು ರೇಸ್‌ನಲ್ಲಿ ಒಂದು ನಿಮಿಷ ಓಡಿಸಿ. ರಟ್ಟಿನ ಮೇಲೆ ಎಣ್ಣೆಯ ಗೆರೆ ಸ್ಪಷ್ಟವಾಗಿ ಮೂಡಬೇಕು. ಡ್ರಮ್ಮಿನಿಂದ ಓಡುವ ಪಂಪ್ ಚೈನ್ ನಿಂತಿರುವಾಗ ಎಣ್ಣೆ ಕೊಡುವುದಿಲ್ಲ. ಹಾಗಾಗಿ ಐಡ್ಲಿಂಗ್‌ನಲ್ಲಿ ನೋಡಿ ತೀರ್ಮಾನಕ್ಕೆ ಬರಬೇಡಿ.

ಪ್ರಶ್ನೆ: ಅಂಗಡಿಯಲ್ಲಿ ನೋಡಲು ಒಂದೇ ಥರದ ಹಲವು ಡ್ರಮ್ ಇವೆ. ಯಾವುದನ್ನು ಕೊಳ್ಳಬೇಕು? ಏಳು ಹಲ್ಲಿನ ಬದಲು ಎಂಟು ಹಲ್ಲಿನದು ಹಾಕಿದರೆ ಬೇಗ ಕೊಯ್ಯುತ್ತದೆಯಂತೆ, ನಿಜವೆ?

ಉತ್ತರ: ಹಳೆಯ ಡ್ರಮ್ಮನ್ನೇ ಕೈಯಲ್ಲಿ ಹಿಡಿದು ಹೋಗುವುದು ಎಲ್ಲಕ್ಕಿಂತ ಭದ್ರ. ಹೊಂದಬೇಕಾದ್ದು ಐದು: ಪಿಚ್, ಹಲ್ಲಿನ ಸಂಖ್ಯೆ, ಡ್ರಮ್ಮಿನ ಒಳವ್ಯಾಸ, ಬೇರಿಂಗ್ ಕೂರುವ ತೂತಿನ ವ್ಯಾಸ ಮತ್ತು ಅಗಲ, ಪಂಪಿನ ಕಚ್ಚು. ಇವುಗಳಲ್ಲಿ ಕೊನೆಯದನ್ನು ಯಾರೂ ನೋಡುವುದಿಲ್ಲ. ಮೇಲಿನ ಎಣ್ಣೆಯ ಪ್ರಶ್ನೆ ಹುಟ್ಟುವುದು ಬಹಳ ಸಲ ಅಲ್ಲಿಂದಲೇ.

ಪಿಚ್ ತಿಳಿಯಲು ಚೈನ್‌ನ ಸಾಲಾಗಿ ಬರುವ ಮೂರು ರಿವೆಟ್‌ಗಳಲ್ಲಿ ಮೊದಲನೆಯದರ ನಡುವಿನಿಂದ ಮೂರನೆಯದರ ನಡುವಿಗೆ ಅಳೆದು ಎರಡರಿಂದ ಭಾಗಿಸಿ. 8.25 ಮಿ.ಮೀ. ಬಂದರೆ .325 ಇಂಚು, ಸುಮಾರು 9.3 ಬಂದರೆ ಸಣ್ಣ ಯಂತ್ರಗಳ ತಗ್ಗು ಚೈನ್‌ನ 3/8 ಇಂಚು, 9.52 ಬಂದರೆ ದೊಡ್ಡ 3/8. ಎರಡೂ 3/8 ಎಂದು ಕರೆಸಿಕೊಂಡರೂ ಒಂದರ ಸ್ಪ್ರಾಕೆಟ್ ಇನ್ನೊಂದಕ್ಕೆ ಸಲ್ಲದು. ಅಂಗಡಿಯವರು ನಡೆಯುತ್ತದೆ ಎಂದರೂ ಬೇಡ. ಚೈನ್, ಸ್ಪ್ರಾಕೆಟ್, ಬಾರ್‌ನ ಮೂತಿಯ ಚಕ್ರ ಮೂರೂ ಒಂದೇ ಪಿಚ್ಚಿನವಾಗಿರಬೇಕು.

ಎಂಟು ಹಲ್ಲಿನ ಲೆಕ್ಕ ಹೀಗಿದೆ. ಸ್ಪ್ರಾಕೆಟ್ ಒಂದು ಸುತ್ತು ಬಂದರೆ ಚೈನ್ ಓಡುವ ದೂರ, ಹಲ್ಲಿನ ಸಂಖ್ಯೆಯ ಎರಡರಷ್ಟು ಪಿಚ್. ಏಳು ಹಲ್ಲು, 9.52 ಪಿಚ್ ಇದ್ದರೆ ಸುಮಾರು 133 ಮಿ.ಮೀ. ನಿಮಿಷಕ್ಕೆ 10,000 ಸುತ್ತಿನಲ್ಲಿ ಚೈನ್‌ನ ವೇಗ ಸೆಕೆಂಡಿಗೆ 22 ಮೀಟರ್. ಎಂಟು ಹಲ್ಲಾದರೆ ವೇಗ ಶೇ. 14ರಷ್ಟು ಏರುತ್ತದೆ, ಎಳೆಯುವ ಬಲ ಶೇ. 12.5ರಷ್ಟು ಇಳಿಯುತ್ತದೆ. ಬಲ ಮಿಗುವ ದೊಡ್ಡ ಎಂಜಿನ್‌ಗೆ, ಗಿಡ್ಡ ಬಾರ್‌ಗೆ, ಮೆತ್ತನೆ ಮರಕ್ಕೆ ಅದರಿಂದ ಲಾಭವಿದೆ. ಸಣ್ಣ ಯಂತ್ರದಲ್ಲಿ ಗಟ್ಟಿ ಮರ ಕೊಯ್ಯುವಾಗ ಎಂಜಿನ್ ಕುಸಿಯುತ್ತದೆ, ಕ್ಲಚ್ ಜಾರುತ್ತದೆ, ಹೊಸ ಡ್ರಮ್ಮಿಗೆ ಮತ್ತೆ ನೀಲಿ ಬಣ್ಣ. ಬೇಗ ಕೊಯ್ಯಬೇಕೆಂದರೆ ಚೈನ್ ಹರಿತ ಮಾಡಿ. ಅದಕ್ಕಿಂತ ಅಗ್ಗದ ಉಪಾಯ ಬೇರೆ ಇಲ್ಲ.

ನಿಮ್ಮ ಮಾದರಿಗೆ ಬಿಡಿ ರಿಮ್‌ನ ಡ್ರಮ್ ಸಿಗುವುದಾದರೆ ಅದನ್ನೇ ಆರಿಸಿ. ಮುಂದಿನ ಸಲ ಹಲ್ಲು ಸವೆದಾಗ ರಿಮ್ ಒಂದನ್ನೇ ಬದಲಿಸಿದರೆ ಸಾಕು. ರಿಮ್ ದಂಡದುದ್ದಕ್ಕೂ ತುಸು ಸರಿದಾಡುವುದರಿಂದ ಬಾರ್‌ನ ತೋಡಿಗೆ ನೇರವಾಗಿ ತಾನೇ ನಿಲ್ಲುತ್ತದೆ.

ಪ್ರಶ್ನೆ: ಡ್ರಮ್ ಹೊಸದು, ಚೈನ್ ಹಳೆಯದೇ ಇರಲಿ ಅಂದುಕೊಂಡಿದ್ದೇನೆ. ಪರವಾಗಿಲ್ಲವೆ?

ಉತ್ತರ: ಪರವಾಗಿಲ್ಲ ಎನ್ನುವ ಹಾಗಿಲ್ಲ. ಓಡಿ ಓಡಿ ಚೈನ್‌ನ ರಿವೆಟ್‌ಗಳು ಸವೆದು ಪಿಚ್ ಹಿಗ್ಗಿರುತ್ತದೆ, ಹೊಸ ಹಲ್ಲುಗಳನ್ನು ಅದು ತನ್ನ ಅಳತೆಗೆ ತಿಂದುಹಾಕುತ್ತದೆ. ಹಳೆ ಸ್ಪ್ರಾಕೆಟ್ ಮೇಲೆ ಹೊಸ ಚೈನ್ ಹಾಕಿದರೂ ಇದೇ ಕಥೆ. ಎರಡು ಚೈನ್ ಕೊಂಡು ಸರದಿ ಮೇಲೆ ಬಳಸಿ, ಎರಡೂ ಸವೆದಾಗ ಸ್ಪ್ರಾಕೆಟ್ಟನ್ನೂ ಬದಲಿಸುವುದು ರೂಢಿ.

ಪ್ರಶ್ನೆ: ರೇಸ್ ಬಿಟ್ಟರೂ ಚೈನ್ ನಿಲ್ಲದೆ ತಿರುಗುತ್ತಲೇ ಇರುತ್ತದೆ. ಹೊಸ ಡ್ರಮ್ ಹಾಕಿದರೂ ಹಾಗೆಯೇ.

ಉತ್ತರ: ಕಾರಣ ಮೂರರಲ್ಲಿ ಒಂದು. ಐಡ್ಲಿಂಗ್ ಹೆಚ್ಚಿದ್ದರೆ, ಏರ್ ಫಿಲ್ಟರ್ ಶುಚಿ ಮಾಡಿ, ಎಂಜಿನ್ ಬಿಸಿಯಾದ ಮೇಲೆ ಐಡಲ್ ಸ್ಕ್ರೂವನ್ನು ಎಡಕ್ಕೆ ತಿರುಗಿಸುತ್ತ ಚೈನ್ ನಿಲ್ಲುವವರೆಗೆ ಬನ್ನಿ, ಆಮೇಲೆ ಇನ್ನೂ ಕಾಲು ಸುತ್ತು. ಅಷ್ಟು ಇಳಿಸಿದರೆ ಎಂಜಿನ್ ಆರಿಹೋಗುತ್ತದೆ ಎಂದಾದರೆ ಕ್ಲಚ್ ಸ್ಪ್ರಿಂಗ್ ಸೊರಗಿದೆ ಅಥವಾ ಮುರಿದಿದೆ. ಒಂದೇ ಹೋಗಿದ್ದರೂ ಎಲ್ಲವನ್ನೂ ಒಟ್ಟಿಗೆ ಬದಲಿಸಿ, ಇಲ್ಲದಿದ್ದರೆ ಶೂಗಳು ಬೇರೆ ಬೇರೆ ವೇಗಕ್ಕೆ ತೆರೆದು ಡ್ರಮ್ಮನ್ನು ಒಂದೇ ಕಡೆ ತಿನ್ನುತ್ತವೆ. ಮೂರನೆಯದು ಬೇರಿಂಗ್. ಅದು ಒಣಗಿ ಹಿಡಿದುಕೊಂಡರೆ ಡ್ರಮ್ ದಂಡದ ಜೊತೆಗೇ ತಿರುಗುತ್ತದೆ, ಕ್ಲಚ್ ಇದ್ದೂ ಇಲ್ಲದಂತೆ. ಎಂಜಿನ್ ಆರಿಸಿ ಡ್ರಮ್ಮನ್ನು ಕೈಯಲ್ಲಿ ತಿರುಗಿಸಿದರೆ ಗೊತ್ತಾಗುತ್ತದೆ. ಕೆಲವು ಮಾದರಿಗಳಲ್ಲಿ ದಂಡದ ತುದಿಯಲ್ಲೇ ಗ್ರೀಸ್ ತುಂಬುವ ತೂತಿರುತ್ತದೆ, ಮರೆಯದೆ ಬಳಸಿ. ಇದನ್ನು ಸರಿಪಡಿಸುವವರೆಗೆ ಗರಗಸ ಎತ್ತಬೇಡಿ. ರೇಸ್ ಬಿಟ್ಟರೂ ನಿಲ್ಲದ ಚೈನ್ ಕಾಲಿಗೆ ತಗುಲಲು ಒಂದು ಹೆಜ್ಜೆ ತಪ್ಪಿದರೆ ಸಾಕು.

ಪ್ರಶ್ನೆ: ಕವರ್ ತೆಗೆದಿಟ್ಟಿದ್ದೆ, ಈಗ ಎಷ್ಟು ಒತ್ತಿದರೂ ಕೂರುತ್ತಿಲ್ಲ.

ಉತ್ತರ: ನಿಮ್ಮದು ಬ್ರೇಕ್ ಕವರ್‌ನೊಳಗೇ ಇರುವ ಯಂತ್ರ. ಬ್ರೇಕ್ ಬಿಡಿಸದೆ ತೆಗೆದಿರಿ ಅಥವಾ ತೆಗೆದ ಮೇಲೆ ಸ್ಪ್ರಿಂಗ್ ಜಾರಿತು. ಬ್ಯಾಂಡ್ ಮುದುಡಿಕೊಂಡಿರುವುದರಿಂದ ಡ್ರಮ್ ಅದರೊಳಗೆ ಹೋಗುತ್ತಿಲ್ಲ. ಕವರ್‌ನಲ್ಲಿರುವ ಬ್ರೇಕ್ ಸನ್ನೆಕೋಲಿಗೆ ಗರಗಸದ ಮೇಲಿನ ಬ್ರೇಕ್ ಹಿಡಿಯನ್ನೇ ಹೊಂದಿಸಿ ಹಿಂದಕ್ಕೆ ತಿರುಗಿಸಿ, ಟಕ್ ಎಂದು ಸದ್ದಾಗಿ ಬ್ಯಾಂಡ್ ಅಗಲವಾಗುತ್ತದೆ. ಸ್ಪ್ರಿಂಗ್ ಬಲು ಜೋರು. ಕೈಗವಸು ಇರಲಿ, ಬೆರಳು ಬ್ಯಾಂಡಿನೊಳಗೆ ಬೇಡ.

ಪ್ರಶ್ನೆ: ಹೊಸ ಡ್ರಮ್ ಹಾಕಿ ಕೆಲವೇ ವಾರಕ್ಕೆ ಮತ್ತೆ ನೀಲಿಯಾಗಿದೆ. ಕಳಪೆ ಮಾಲು ಕೊಟ್ಟರೆ?

ಉತ್ತರ: ಇರಬಹುದು, ಆದರೆ ನಾವು ಮೊದಲು ಅನುಮಾನಿಸುವುದು ಬಳಕೆಯನ್ನು. ಶೂ ಗಟ್ಟಿಯಾಗಿ ಹಿಡಿದಿರುವಾಗ ಡ್ರಮ್ ಕಾಯುವುದಿಲ್ಲ. ಕಾಯುವುದು ಜಾರುವಾಗ ಮಾತ್ರ. ಹಾಗಾದರೆ ಜಾರಿಸುತ್ತಿರುವುದು ಏನು ಎಂದು ಹುಡುಕಿ. ಬ್ರೇಕ್ ಹಾಕಿಕೊಂಡೇ ಎಂಜಿನ್ ಶುರು ಮಾಡಬೇಕಾದ್ದು ಸರಿ, ಆದರೆ ಶುರುವಾದ ಮೇಲೂ ಅರ್ಧ ರೇಸ್‌ನಲ್ಲೇ ಬಿಟ್ಟು ಬ್ರೇಕ್ ತೆಗೆಯದೆ ನಿಂತರೆ ಡ್ರಮ್ ಅಲ್ಲೇ ಬೇಯುತ್ತದೆ. ಎಂಜಿನ್ ಹತ್ತಿದ ಕೂಡಲೇ ಟ್ರಿಗರ್ ಒಮ್ಮೆ ತಟ್ಟಿ ಐಡ್ಲಿಂಗ್‌ಗೆ ಇಳಿಸಿ. ಮೊಂಡು ಚೈನ್ ಇನ್ನೊಂದು ಕಾರಣ. ಕೊಯ್ಯುವ ಚೈನ್ ಚೂರು ಚೂರಾಗಿ ಸಿಪ್ಪೆ ಉಗುಳುತ್ತದೆ, ಮೊಂಡಾದದ್ದು ಹಿಟ್ಟಿನಂಥ ಪುಡಿ. ಪುಡಿ ಬರುತ್ತಿದ್ದಾಗ ನೀವು ಮೈಭಾರ ಹಾಕಿ ಒತ್ತುತ್ತೀರಿ, ಎಂಜಿನ್‌ನ ವೇಗ ಕ್ಲಚ್ ಪೂರ್ತಿ ಹಿಡಿಯದ ಮಟ್ಟಕ್ಕೆ ಇಳಿಯುತ್ತದೆ. ಅರ್ಧ ರೇಸ್‌ನಲ್ಲಿ ಕೊಯ್ಯುವ ಅಭ್ಯಾಸದ್ದೂ ಇದೇ ಫಲ. ಮರಕ್ಕೆ ಮುಟ್ಟಿಸುವ ಮೊದಲೇ ಪೂರ್ತಿ ರೇಸ್ ಕೊಟ್ಟು, ಕೊಯ್ದು ಮುಗಿಯುವವರೆಗೆ ಹಾಗೇ ಹಿಡಿಯಬೇಕು. ಬಾರ್ ಮರದೊಳಗೆ ಸಿಕ್ಕಿಕೊಂಡಾಗ ರೇಸ್ ಕೊಟ್ಟು ಎಳೆಯುವುದು ಎಲ್ಲಕ್ಕಿಂತ ಕೆಟ್ಟದ್ದು. ಎಂಜಿನ್ ಆರಿಸಿ, ಬೆಣೆ ಹೊಡೆದು ಬಿಡಿಸಿ.

ಇವೆಲ್ಲ ಸರಿಯಿದ್ದೂ ನೀಲಿಯಾದರೆ ಶೂಗಳನ್ನು ತೆಗೆದು ನೋಡಿ. ಹಳೆ ಡ್ರಮ್ಮಿನ ಉಬ್ಬುತಗ್ಗಿಗೆ ಸವೆದ ಶೂ ಹೊಸ ಡ್ರಮ್ಮಿನ ನುಣುಪು ಗೋಡೆಯನ್ನು ಪೂರ್ತಿ ಮುಟ್ಟುವುದಿಲ್ಲ, ಅಂಚಿನಲ್ಲಿ ಮಾತ್ರ ಮುಟ್ಟಿ ಜಾರುತ್ತದೆ. ಶೂ ಮೇಲೆ ಹೊಳಪು ಪಟ್ಟಿ ಒಂದೇ ಬದಿಗಿದ್ದರೆ ಕ್ಲಚ್ ಸೆಟ್ಟನ್ನೇ ಬದಲಿಸಿ.